ಹದಿನೇಳನೆಯ ಬಳ್ಳಿ

“ಸಾಲಿನ ತುದೀಲಿದ್ದ ಗುಲಾಬಿನೆಲ್ಲ ಯಾರು ಕಿತ್ತು ಹಾಕಿದ್ರು?”

ಅಮ್ಮ ಕೇಳಿದ್ದು ನಮ್ಮನ್ನಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಕಿಟಕಿಯ ಗಾಜಿಗೆ ಹಣೆಯಿಟ್ಟು ಕೂತಿದ್ದಳು; ನಿದ್ದೆ ಹತ್ತಿದೆ ಅಂದುಕೊಂಡು ನಾವಿಬ್ಬರೂ ದನಿ ತಗ್ಗಿಸಿ ಮಾತಾಡುತ್ತಿದ್ದೆವು. ರಸ್ತೆಯ ಎರಡೂ ಬದಿಗೆ ದ್ರಾಕ್ಷಿತೋಟ, ಎಣ್ಣೆ ಹಚ್ಚಿ ಬಾಚಿದ ತಲೆಯ ಹಾಗೆ ಸಾಲು ಸಾಲು. ನನ್ನ ಗಂಡ ಕನ್ನಡಿಯಲ್ಲಿ ಇಣುಕಿ, ಯಾವ ಗುಲಾಬಿ ಅತ್ತೆ, ಇದು ದ್ರಾಕ್ಷಿ ಅಲ್ವಾ ಅಂದರು. ಸಾಲಿನ ತುದಿಗೊಂದು ಗುಲಾಬಿ ನೆಟ್ಟರೆ ಬಳ್ಳಿಗೆ ಬರುವ ರೋಗ ಮೊದಲು ಅದರ ಎಲೆಯ ಮೇಲೆ ಕಾಣುತ್ತದೆ, ನಾಲ್ಕು ದಿನ ಮುಂಚೆಯೇ ಎಚ್ಚರಿಸುತ್ತದೆ ಅನ್ನುವುದು ನನಗೆ ಗೊತ್ತಿತ್ತು. ನನ್ನ ಜಡೆ ಹೆಣೆಯುತ್ತಾ ಅವಳೇ ಯಾವತ್ತೋ ಹೇಳಿದ್ದು. ಅವಳು ಆ ಗುಲಾಬಿಗಳನ್ನು ಕಂಡದ್ದು ಇದೇ ತೋಟದಲ್ಲಿ ಅನ್ನುವುದು ಮಾತ್ರ ಗೊತ್ತಿರಲಿಲ್ಲ.

ಪ್ರವಾಸ ಇವರದೇ ಯೋಜನೆ. ಅಮ್ಮನಿಗೆ ಅರವತ್ತು ತುಂಬಿತ್ತು. ಅತ್ತೆ ಚಿಕ್ಕವಯಸ್ಸಿನಲ್ಲಿ ದ್ರಾಕ್ಷಿತೋಟಗಳಲ್ಲಿ ದುಡಿದವರು, ಒಂದು ಸಲ ಯಜಮಾನಿ ಹಾಗೆ ಕೂತು ಊಟ ಮಾಡಲಿ ಅಂತ ಇವರಿಗೆ ಹೊಳೆದಿತ್ತು. ಇವರದು ಕನ್ನಡಕದ ಅಂಗಡಿ. ಊರಿನ ಅರ್ಧ ಜನಕ್ಕೆ ಕಣ್ಣು ಕೊಟ್ಟವರು. ಒಳ್ಳೆಯ ಮನುಷ್ಯ. ಆದರೆ ಒಳ್ಳೆಯದು ಮಾಡಹೊರಟಾಗ ಎದುರಿಗಿರುವವರನ್ನು ಒಂದು ಮಾತು ಕೇಳಬೇಕು ಅನ್ನುವುದು ಇವರಿಗೆ ನೆನಪಾಗುವುದಿಲ್ಲ. ಮೂರು ತಿಂಗಳ ಹಿಂದೆಯೇ ಮೇಜು ಕಾದಿರಿಸಿದ್ದರು. ತೋಟದ ಹೆಸರು ಅಮ್ಮನಿಗೂ ಹೇಳಿದ್ದರು. ಆ ಹೆಸರು ಹೊಸದು, ಅವಳಿಗೆ ಗುರುತು ಹತ್ತಲಿಲ್ಲ.

ಕಾರು ಜಲ್ಲಿ ಹಾಸಿದ ಅಂಗಳಕ್ಕೆ ಬಂದು ನಿಂತಿತು. ಹಣ್ಣು ಹಿಂಡುವ ಹಳೆಯ ಕಟ್ಟಡವನ್ನೇ ಸುಣ್ಣ ಬಳಿದು, ದೊಡ್ಡ ಕಿಟಕಿಗಳನ್ನು ಕೊರೆದು ಊಟದ ಮನೆ ಮಾಡಿದ್ದರು. ಮೆಟ್ಟಿಲು ಹತ್ತುವಾಗ ಅಮ್ಮ ಎರಡನೆಯದರಿಂದ ಸೀದಾ ನಾಲ್ಕನೆಯದಕ್ಕೆ ಕಾಲಿಟ್ಟಳು. ಮೂರನೆಯ ಮೆಟ್ಟಿಲಿಗೆ ಏನೂ ಆಗಿರಲಿಲ್ಲ, ಹೊಸ ಕಲ್ಲು. ನಾನು ಅವಳ ಮುಖ ನೋಡಿದೆ. ಅವಳು ನೋಡಗೊಡಲಿಲ್ಲ.

ಒಳಗೆ ಹತ್ತು ಹನ್ನೆರಡು ಮೇಜು, ಬಿಳಿ ಬಟ್ಟೆ, ಒಬ್ಬೊಬ್ಬರ ಮುಂದೆ ಮೂರು ಮೂರು ಗಾಜಿನ ಲೋಟ, ನಡುವೆ ಹೂದಾನಿಯಲ್ಲಿ ಹೂವಿನ ಬದಲು ಎಲೆಯಿದ್ದ ದ್ರಾಕ್ಷಿ ಕಡ್ಡಿ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಬಂದು ಲೋಟಗಳ ಮೇಲೆ ಕೂತಿತ್ತು. ಬಡಿಸುವವನು ವೈನ್ ಸುರಿಯಲು ಬಂದಾಗ ಅಮ್ಮ ಲೋಟದ ಮೇಲೆ ಅಂಗೈ ಮುಚ್ಚಿದಳು. ಅವಳು ಕುಡಿದವಳಲ್ಲ. ಮೊದಲ ತಟ್ಟೆ ಬಂತು: ಬಂಡಿಯ ಗಾಲಿಯಷ್ಟು ತಟ್ಟೆ, ಅದರ ನಡುವೆ ಬೀಟ್‌ರೂಟಿನ ಮೂರು ಬಿಲ್ಲೆ, ಒಂದು ಚಮಚ ಚೀಸ್.

“ಇದು ಊಟವೋ, ಊಟದ ಫೋಟೋವೋ?” ಅಂದಳು ಅಮ್ಮ.

ಇವರು ನಕ್ಕರು, ನಾನೂ ನಕ್ಕೆ. ಅವಳು ಕಣ್ಣು ಮುಚ್ಚಿ, ಉಣ್ಣುವ ಮೊದಲು ಹೇಳಿಕೊಳ್ಳುವ ನಾಲ್ಕು ಸಾಲಿನ ಪದ್ಯವನ್ನು ತುಟಿಯಲ್ಲೇ ಹೇಳಿಕೊಂಡಳು. ಅವಳ ಅಪ್ಪ, ನಮ್ಮ ತಾತ, ಬೆಳಗಿನ ಹೊತ್ತು ರಾಗವಾಗಿ ಹೇಳುತ್ತಿದ್ದ ದೇವರ ಪದ್ಯ ಅದು. ಅಮ್ಮನ ಕೈಗೆ ಬಂದ ಕೆಲಸವೆಲ್ಲ ಅದರ ಅಳತೆಯಲ್ಲೇ ನಡೆಯುತ್ತಿತ್ತು. ಸಾಲಿಗೆ ಎರಡು ಸುತ್ತಿನಂತೆ ಎಂಟು ಸುತ್ತು, ಕೊನೆಯ ಪದದ ಮೇಲೆ ಗಂಟು. ಕಸಿ ಕಟ್ಟುವಾಗ ಕಲಿತ ರೂಢಿ. ನನ್ನ ಬುತ್ತಿಯ ಗಂಟು ಹಾಗೇ ಬೀಳುತ್ತಿತ್ತು, ಜಡೆಯ ಗಂಟೂ ಹಾಗೇ. ಅಕ್ಷರ ಕಲಿಯುವ ಮೊದಲೇ ಆ ಪದ್ಯ ನನ್ನ ತಲೆಯ ಚರ್ಮಕ್ಕೆ ಬಾಯಿಪಾಠವಾಗಿತ್ತು.

ಇವರು ಮೇಜಿನ ಮೇಲಿದ್ದ ಸಣ್ಣ ಪುಸ್ತಕ ಬಿಡಿಸಿ, ಕೇಳಿ ಅತ್ತೆ, ನಿಮ್ಮ ಕಸುಬಿನ ವಿಷಯವೇ ಇದೆ ಅಂತ ಓದತೊಡಗಿದರು. ಈ ಮನೆತನದ ಮುತ್ತಜ್ಜ ತೊಂಬತ್ತು ವರ್ಷದ ಹಿಂದೆ ಸ್ವಂತ ಕೈಯಿಂದ ಬಳ್ಳಿಗಳಿಗೆ ಕಸಿ ಕಟ್ಟಿದನಂತೆ. ಎಲ್ಲರೂ ನೆಲದಿಂದ ಒಂದು ಗೇಣು ಮೇಲೆ ಕಟ್ಟಿದರೆ ಆ ದೂರದೃಷ್ಟಿಯ ಮಹಾಶಯ ಮಂಡಿಯೆತ್ತರದಲ್ಲಿ ಕಟ್ಟಿದ. ಮೂವತ್ತೈದು ವರ್ಷದ ಹಿಂದೆ ಹಿಮ ಸುರಿದಾಗ ನೆಲದ ಹತ್ತಿರದ ಕಸಿಗಂಟೆಲ್ಲ ಕರಕಾಗಿ ಇಡೀ ಇಳಿಜಾರು ಸತ್ತಿತು. ಮಂಡಿಯೆತ್ತರದವು ಮಾತ್ರ ಬದುಕಿದವು. ನಾಲ್ಕು ಪೂರ್ತಿ ಸಾಲು, ಐದನೆಯದರಲ್ಲಿ ಹದಿನೇಳು ಬಳ್ಳಿ. ಈ ಮನೆಯ ಅತಿ ದುಬಾರಿ ವೈನ್ ಬರುವುದು ಅವುಗಳ ಹಣ್ಣಿನಿಂದ, ಅದರ ಹೆಸರೇ ‘ಮಂಡಿಯೆತ್ತರ’.

“ಹದಿನೇಳಕ್ಕೇ ಯಾಕೆ ನಿಲ್ಲಿಸಿದ ಅನ್ನೋದು ಇವತ್ತಿಗೂ ರಹಸ್ಯವಂತೆ ನೋಡಿ,” ಅಂದರು ಇವರು, ಲೋಟ ಎತ್ತಿ ಬೆಳಕಿಗೆ ಹಿಡಿಯುತ್ತಾ. “ಆ ದಿನ ಅವನ ಹೆಂಡತಿ ತೀರಿಹೋದಳು, ಆಮೇಲೆ ಚಾಕು ಮುಟ್ಟಲಿಲ್ಲ ಅಂತ ಕೆಲವರು ಹೇಳ್ತಾರಂತೆ.”

ಅಮ್ಮ ಚಮಚ ಕೆಳಗಿಟ್ಟಳು. ಸದ್ದಾಗದ ಹಾಗೆ ಇಟ್ಟಳು. ಅವಳ ಸಿಟ್ಟು ನನಗೆ ಗೊತ್ತು. ಪಾತ್ರೆ ಕುಕ್ಕುವ ಸಿಟ್ಟಲ್ಲ, ಪಾತ್ರೆಯನ್ನು ಹೂವಿನ ಹಾಗೆ ಇಡುವ ಸಿಟ್ಟು. ಅವಳು ಗೋಡೆಯ ಕಡೆ ನೋಡುತ್ತಿದ್ದಳು. ಅಲ್ಲಿ ಮೀಸೆಯ ಮುದುಕನ ದೊಡ್ಡ ಚಿತ್ರ, ಅದರ ಕೆಳಗೆ ಎರಡು ಮೊಳೆಗಳ ಮೇಲೆ ಅಡ್ಡಲಾಗಿ ಇಟ್ಟ, ಬಿಚ್ಚಿದ ಮಡಿಚುಚಾಕು, ಅದರಡಿ ಹಿತ್ತಾಳೆಯ ಫಲಕ: ಮುತ್ತಜ್ಜನ ಕಸಿ ಚಾಕು.

ನನಗೆ ಆಗ ಅರ್ಥವಾಯಿತು. ಇದೇ ಆ ತೋಟ, ಆ ಚಾಕು ಅಮ್ಮನದು.

ನಮ್ಮ ಮನೆಯಲ್ಲಿ ಈ ಕಥೆಯ ಇನ್ನೊಂದು ಪಾಠವಿತ್ತು. ಕಸಿ ಕಟ್ಟುವವರು ಕೆಲಸಕ್ಕೆ ಬರುವಾಗ ತಮ್ಮ ಚಾಕು ತಾವೇ ತರಬೇಕು. ಯಾರಾದರೂ ಕೆಲಸ ಕೆಡಿಸಿದರೆ ಯಜಮಾನ ಚಾಕು ಇಸಿದುಕೊಂಡು ಕಳಿಸುತ್ತಿದ್ದ. ಬರಿಗೈಯಲ್ಲಿ ಬಂದವರನ್ನು ಮುಂದಿನ ತೋಟದವನು ಯಾಕೆ ಅಂತ ಕೇಳುವುದೂ ಇಲ್ಲ, ಗೇಟು ತೆಗೆಯುವುದೂ ಇಲ್ಲ. ಹೊಸ ಚಾಕು ಕೊಂಡು ಬಂದರೆ ಅದರ ಹೊಳಪೇ ಸಾಕ್ಷಿ ಹೇಳುತ್ತಿತ್ತು. ಅಮ್ಮನಿಗೆ ಇಪ್ಪತ್ತೆರಡು ವರ್ಷ, ಎಂಟು ತಿಂಗಳ ಬಸುರಿ. ಬಗ್ಗಲು ಆಗುತ್ತಿರಲಿಲ್ಲ. ಹಣ್ಣಿನ ಪೆಟ್ಟಿಗೆ ಬೋರಲು ಹಾಕಿ ಅದರ ಮೇಲೆ ಕೂತು, ಕೈ ಎಲ್ಲಿಗೆ ಎಟಕಿತೋ ಅಲ್ಲಿ ಕಟ್ಟಿದಳು. ಒಂಬತ್ತನೆಯ ದಿನ ಯಜಮಾನ ಬಂದು ಕೋಲಿನಲ್ಲಿ ಅಳೆದ. ತೋಟ ಹಾಳು ಮಾಡಿದಳು, ಹೊಟ್ಟೆ ಹೊತ್ತವಳ ಸೋಮಾರಿ ಕೆಲಸ ಅಂದ. ಒಳಕ್ಕೆ ಕರೆದು ಚಾಕು ಕೇಳಿದ. ಕೊಟ್ಟಳು. ಆಮೇಲೆ ಇಪ್ಪತ್ತಾರು ವರ್ಷ ಬಾಟಲಿ ತೊಳೆಯುವ ಕಾರ್ಖಾನೆಯಲ್ಲಿ ಕಾಸ್ಟಿಕ್ ಸೋಡಾ ನೀರಿಗೆ ಕೈ ಅದ್ದಿದಳು. ಆ ಕೈಯ ಉಗುರು ಇವತ್ತಿಗೂ ಸರಿಯಾಗಿ ಬೆಳೆಯುವುದಿಲ್ಲ.

ಆ ಹೊಟ್ಟೆಯಲ್ಲಿದ್ದವಳು ನಾನು. ನಮ್ಮ ಸೋದರತ್ತೆ ಹಬ್ಬ ಹುಣ್ಣಿಮೆ ನೋಡದೆ, ನಾಲ್ಕು ಜನ ಸೇರಿದ ಕಡೆಯೆಲ್ಲ ನನ್ನ ಗಲ್ಲ ಹಿಂಡಿ, ಹುಟ್ಟೋಕೆ ಮುಂಚೆನೇ ತಾಯಿ ಅನ್ನಕ್ಕೆ ಕಲ್ಲು ಹಾಕಿದ ಮಗಳು ಇವಳು ಅಂತ ನಗುತ್ತಿದ್ದಳು. ತಮಾಷೆಗೇ. ಮೂವತ್ತೆಂಟು ವರ್ಷ ಆ ತಮಾಷೆಯನ್ನು ಹೊಟ್ಟೆಗೆ ಹಾಕಿಕೊಂಡಿದ್ದೇನೆ. ನಾನು ಜಾಸ್ತಿ ಮಾತಾಡುವವಳಲ್ಲ. ನನ್ನ ಕೆಲಸವೂ ನೀರು ಸರಬರಾಜು ಕಚೇರಿಯಲ್ಲಿ ದೂರು ಕೇಳುವ ಕಿಟಕಿಯ ಹಿಂದೆ. ಜನ ಬಂದು ಬಯ್ಯುತ್ತಾರೆ, ನಾನು ಆಯ್ತು ಬರ್ಕೊಳ್ತೀನಿ ಅನ್ನುತ್ತೇನೆ. ಆದರೆ ಆ ತಟ್ಟೆಯ ಮುಂದೆ ಕೂತಾಗ ನನ್ನೊಳಗೆ ಹೊತ್ತಿಕೊಂಡದ್ದನ್ನು ಬರೆದುಕೊಳ್ಳಲು ಯಾವ ಪುಸ್ತಕದಲ್ಲೂ ಜಾಗವಿರಲಿಲ್ಲ.

ಅಷ್ಟರಲ್ಲಿ ತೋಟದ ಯಜಮಾನನೇ ಮೇಜಿಂದ ಮೇಜಿಗೆ ಬರುತ್ತಿದ್ದ. ನಲವತ್ತೈದರ ಆಸುಪಾಸು, ಒಗೆದು ಇಸ್ತ್ರಿ ಮಾಡಿದ ನಗು. ಅಮ್ಮನ ಚಾಕು ಕಿತ್ತುಕೊಂಡವನ ಮಗ. ನಮ್ಮ ಮೇಜಿನ ಹತ್ತಿರ ನಿಂತು ಇವರ ಕುರ್ಚಿಯ ಬೆನ್ನಿಗೆ ಕೈಯಿಟ್ಟು, ಊಟ ಹಿಡಿಸಿತಾ ಅಂತ ವಿಚಾರಿಸಿ, ಕೇಳದಿದ್ದರೂ ಮುತ್ತಜ್ಜನ ಕಥೆ ಶುರುಮಾಡಿದ. ಪಕ್ಕದ ಮೇಜುಗಳವರೂ ತಿರುಗಿ ಕೂತರು. ಹದಿನೇಳನೆಯ ಬಳ್ಳಿಯ ಹತ್ತಿರ ಬಂದಾಗ ದನಿ ಇಳಿಸಿ, ಅಲ್ಲಿ ಆ ದಿನ ಏನಾಯ್ತೋ ಬಲ್ಲವರು ಯಾರೂ ಇಲ್ಲ ಅಂದ.

“ನಂಗೊತ್ತು,” ಅಂದಳು ಅಮ್ಮ.

ಅವನು ನಗುತ್ತಲೇ ಇದ್ದ. ಹಿರಿಯರಿಗೆ ಗೊತ್ತಿಲ್ಲದೆ ಇರುತ್ತಾ, ಹೇಳಿ ಅಮ್ಮ ಅಂದ.

“ಹದಿನೆಂಟನೇದರ ಮೇಲೆ ಚಾಕು ಇಟ್ಟಿದ್ದೆ. ನಿಮ್ಮಪ್ಪ ಬಂದು ಏಳು ಅಂದ್ರು. ಪೆಟ್ಟಿಗೆಯಿಂದ ಎದ್ದೆ.”

ಇವರು ಲೋಟ ಕೆಳಗಿಟ್ಟು, ಅತ್ತೆ, ಊಟ ಆಗಲಿ, ಆಮೇಲೆ ಮಾತಾಡೋಣ ಅಂತ ಪಿಸುಗುಟ್ಟಿದರು. ಆಸುಪಾಸಿನ ಕಣ್ಣುಗಳೆಲ್ಲ ನಮ್ಮ ಮೇಲಿದ್ದವು, ಇವರಿಗೆ ನಾಚಿಕೆಯಾಗಿತ್ತು. ಊರಿಗೆಲ್ಲ ಕಣ್ಣು ಕೊಡುವ ಮನುಷ್ಯನಿಗೆ ಎದುರಿನ ಗೋಡೆ ಕಾಣಲಿಲ್ಲವಲ್ಲ ಅಂತ ನನಗೆ ಇವರ ಮೇಲೂ ಬೆಂಕಿಯಂಥ ಕೋಪ ಬಂತು. ಮೇಜಿನ ಕೆಳಗೆ ಕಾಲು ತುಳಿದೆ.

ಅಮ್ಮ ಎದ್ದು ಗೋಡೆಯ ಹತ್ತಿರ ಹೋದಳು. ಬಡಿಸುವವನು ಒಂದು ಹೆಜ್ಜೆ ಮುಂದೆ ಬಂದ; ಯಜಮಾನ ಕಣ್ಣಲ್ಲೇ ತಡೆದ, ಹತ್ತು ಜನರ ಮುಂದೆ ಮುದುಕಿಯ ಕೈ ಹಿಡಿಯಲಾಗುತ್ತದೆಯೇ. ಅವಳು ಚಾಕು ತೆಗೆದುಕೊಂಡು ಬಂದು ನನ್ನ ಮುಂದೆ ಹಿಡಿದಳು. ಕೊಂಬಿನ ಹಿಡಿ, ಅದರಲ್ಲೊಂದು ಸೀಳು, ಸೀಳಿಗೆ ತಾಮ್ರದ ತಂತಿ ಸುತ್ತಿತ್ತು. ನಾನು ಎಣಿಸಿದೆ. ಎಂಟು ಸುತ್ತು, ಕೊನೆಯಲ್ಲಿ ಗಂಟು. ನಮ್ಮ ತಾತನ ಕೈಕೆಲಸ.

ಹೂದಾನಿಯಿಂದ ಒಂದು ಕಡ್ಡಿ ಎಳೆದುಕೊಂಡು ಅಮ್ಮ ಎಡಗೈಯಲ್ಲಿ ಚಾಕು ಹಿಡಿದಳು. ಒಂದೇ ಎಳೆತ. ಕಡ್ಡಿಯ ತುದಿ ಓರೆಯಾಗಿ ಬಿಚ್ಚಿಕೊಂಡಿತು, ಒದ್ದೆ ಗಾಜಿನ ಹಾಗೆ ನುಣುಪು. ಮೂವತ್ತೆಂಟು ವರ್ಷ ಚಾಕು ಮುಟ್ಟದ ಕೈ ಅದು.

“ಈಗ ನೀವು ಕೊಯ್ಯಿರಿ,” ಅಂದಳು.

ಅವನು ನಗೆಯನ್ನು ಬಿಡಲೂ ಆಗದೆ ಇಟ್ಟುಕೊಳ್ಳಲೂ ಆಗದೆ, ಬಲಗೈಯಲ್ಲಿ ಚಾಕು ತೆಗೆದುಕೊಂಡು ಇನ್ನೊಂದು ಕಡ್ಡಿ ಕೊಯ್ದ. ಅಲಗು ಕಡ್ಡಿಯೊಳಕ್ಕೆ ನಾಟಿ, ಜಾರಿ, ಹಾರಿತು. ತುದಿ ಇಲಿ ಕಡಿದ ಹಾಗಾಗಿತ್ತು. ಪಕ್ಕದ ಮೇಜಿನ ಹೆಂಗಸೊಬ್ಬಳು ಕತ್ತು ಉದ್ದ ಮಾಡಿ ನೋಡಿದಳು.

“ಅಲಗಿಗೆ ಒಂದೇ ಮಗ್ಗುಲು ಸಾಣೆ. ಎಡಗೈಯವರಿಗೆ ಮಾಡಿಸಿದ್ದು. ನಮ್ಮಪ್ಪ ಎಡಚ, ನಾನು ಎಡಚಿ. ನಿಮ್ಮ ಮುತ್ತಜ್ಜನೋ?”

ಚಿತ್ರದ ಮೀಸೆಯ ಮುದುಕ ಬಲಗೈಯಲ್ಲಿ ಲೇಖನಿ ಹಿಡಿದು ಕೂತಿದ್ದ. ಯಾರೋ ಕಿಸಕ್ಕನೆ ನಕ್ಕರು. ಯಜಮಾನ ಚಾಕನ್ನು ಬಿಸಿ ಪಾತ್ರೆಯ ಹಾಗೆ ಮೇಜಿನ ಮೇಲೆ ಇಟ್ಟುಬಿಟ್ಟ. ಅಮ್ಮ ಅದನ್ನು ಮಡಿಚಿ ತನ್ನ ಕೈಚೀಲಕ್ಕೆ ಹಾಕಿಕೊಂಡಳು, ಮನೆಯ ಬೀಗದ ಕೈ ಹಾಕಿಕೊಳ್ಳುವಷ್ಟೇ ಸಲೀಸಾಗಿ. ಆಮೇಲೆ ಕೂತು ಬೀಟ್‌ರೂಟಿನ ಉಳಿದ ಎರಡು ಬಿಲ್ಲೆ ತಿಂದಳು. ಅನ್ನ ಬಿಟ್ಟು ಏಳಬಾರದು ಅನ್ನುವುದು ಅವಳ ನೇಮ. ಶತ್ರುವಿನ ಮನೆಯಲ್ಲೂ ಅದು ನೇಮವೇ.

ಯಜಮಾನ ಇವರ ಕಿವಿಯಲ್ಲಿ, ಸ್ವಲ್ಪ ಒಳಗೆ ಬರ್ತೀರಾ ಅಂದ. ಮೂವರೂ ಹೋದೆವು. ಹಿಂದುಗಡೆ ಒಂದು ಸಣ್ಣ ಕೋಣೆ, ಕಿಟಕಿಗೆ ಕಬ್ಬಿಣದ ಸರಳು, ನೆಲದ ಮೇಲೆ ಬಾಟಲಿಗೆ ಅಂಟಿಸುವ ಚೀಟಿಗಳ ಸುರುಳಿಗಳು. ಪ್ರತಿಯೊಂದರ ಮೇಲೂ ಮೀಸೆ. ಮೂಲೆಯಲ್ಲಿ ಮೊಂಡುಕಾಲಿನ ಹಳೆಯ ಮೇಜು. ಅಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ಆ ಮೇಜನ್ನು ನೋಡಿದ ಅವಳ ಮುಖದಿಂದಲೇ ತಿಳಿಯಿತು: ಚಾಕು ಕೊಟ್ಟದ್ದು ಈ ಕೋಣೆಯಲ್ಲಿ, ಇಟ್ಟದ್ದು ಆ ಮೇಜಿನ ಮೇಲೆ.

ಅವಳು ಒಳಗೆ ಬಂದ ಮೇಲೆ ಯಜಮಾನ ಬಾಗಿಲು ಮುಂದೆ ಮಾಡಿದ. ಒಳಗೆ ಅವನ ಭಾಷೆ ಬೇರೆ, ಮೆತ್ತಗೆ, ತಿಳಿದವರ ಭಾಷೆ. ನೀವು ಹೇಳಿದ್ದು ಸುಳ್ಳು ಅಂತ ನಾನು ಅನ್ನುವುದಿಲ್ಲ ಅಂದ.

“ಅಪ್ಪ ಕೊನೇ ದಿನಗಳಲ್ಲಿ ಒಂದ್ಸಲ ಹೇಳಿದ್ರು. ಬಸುರಿ ಹೆಂಗಸೊಬ್ಬಳು ಪೆಟ್ಟಿಗೆ ಮೇಲೆ ಕೂತ್ಕೊಂಡು, ಪದ್ಯ ಹೇಳ್ಕೊಂಡು ಕಟ್ತಿದ್ದಳು ಅಂತ.”

ಅಂದರೆ ಗೊತ್ತಿತ್ತು. ಗೊತ್ತಿದ್ದೇ ಪುಸ್ತಕ ಅಚ್ಚು ಹಾಕಿಸಿದ್ದ, ಗೊತ್ತಿದ್ದೇ ಹಿತ್ತಾಳೆಯ ಮೇಲೆ ಕೊರೆಸಿದ್ದ, ಗೊತ್ತಿದ್ದೇ ಮೇಜಿಂದ ಮೇಜಿಗೆ ದನಿ ಇಳಿಸಿ ರಹಸ್ಯ ಹೇಳುತ್ತಿದ್ದ. ಹಿಮ ಬಿದ್ದ ಆ ವರ್ಷ, ಸತ್ತ ಇಳಿಜಾರಿನ ನಡುವೆ ಅಮ್ಮನ ಬಳ್ಳಿಗಳು ಮಾತ್ರ ಚಿಗುರಿದ್ದನ್ನು ಇವನ ಅಪ್ಪ ಕಣ್ಣಾರೆ ನೋಡಿದ್ದಾನೆ. ಆ ದಿನ ಒಬ್ಬ ಆಳನ್ನು ಅಟ್ಟಿ, ಅವಳು ಎಲ್ಲಿದ್ದಾಳೆ ನೋಡಿ, ಚಾಕು ಕೊಟ್ಟು ಬಾ ಅಂದಿದ್ದರೆ ಸಾಕಿತ್ತು. ನನಗಾಗ ಮೂರು ವರ್ಷ. ಅವಳ ಉಗುರು ಇನ್ನೂ ಚೆನ್ನಾಗಿದ್ದವು.

ಅವನು ಹೇಳುತ್ತಲೇ ಹೋದ. ಮುಂದಿನ ಸಲ ಪುಸ್ತಕ ಅಚ್ಚಾಗುವಾಗ, ಈ ಕೆಲಸದಲ್ಲಿ ಒಬ್ಬ ಹೆಣ್ಣುಮಗಳು ಸಹಾಯ ಮಾಡಿದಳು ಅಂತ ಒಂದು ಸಾಲು ಹಾಕಿಸುತ್ತಾನಂತೆ. ಇವತ್ತಿನ ಊಟ ಅವನ ಕಡೆಯಿಂದಂತೆ. ವರ್ಷಕ್ಕೊಂದು ಪೆಟ್ಟಿಗೆ ವೈನ್ ಮನೆಗೆ ಬರುತ್ತದಂತೆ.

“ಅವರು ಕುಡಿಯಲ್ಲ,” ಅಂದರು ಇವರು. ಇವರ ದನಿ ಬದಲಾಗಿತ್ತು. ಕನ್ನಡಕ ತೆಗೆದು ಒರೆಸುತ್ತಾ, ಇನ್ನೊಂದು ಮಾತು ಸೇರಿಸಿದರು. “ಮತ್ತೆ, ಸಹಾಯ ಮಾಡಿದ್ದು ಯಾರಿಗೆ ಸ್ವಾಮಿ? ತೊಂಬತ್ತು ವರ್ಷದ ಹಿಂದೆ ಹೋಗಿ ನಿಮ್ಮ ಮುತ್ತಜ್ಜನಿಗಾ?”

ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಇವರ ಮಾತು ನನಗೆ ಅಷ್ಟು ರುಚಿಸಿದ್ದು ಅದೇ ಮೊದಲು.

ಯಜಮಾನ ಆ ಮಾತನ್ನು ಕೇಳಿಸಿಕೊಳ್ಳದವನ ಹಾಗೆ ಅಮ್ಮನ ಕಡೆ ತಿರುಗಿದ. ಅವನ ಕಷ್ಟವನ್ನು ಅವಳು ಅರ್ಥ ಮಾಡಿಕೊಳ್ಳಬೇಕಂತೆ. ಹೊರಗೆ ಕೂತವರು ಗೋಡೆಯ ಎರಡು ಬರಿ ಮೊಳೆ ನೋಡುತ್ತಿದ್ದಾರೆ. ಕಥೆ ಬದಲಾದರೆ ಬಾಟಲಿಯ ಚೀಟಿ ಬದಲಾಗಬೇಕು, ಹೆಸರು ಬದಲಾಗಬೇಕು, ಇಪ್ಪತ್ತು ಮನೆಗಳು ಈ ತೋಟದಿಂದ ಉಣ್ಣುತ್ತಿವೆ. ಬೇಕಾದರೆ ಅಂಥದೇ ಹೊಸ ಚಾಕು, ಎಡಗೈಯದೇ, ಮಾಡಿಸಿ ಕಳಿಸುತ್ತಾನೆ.

“ಇದೊಂದು ಮಾತ್ರ ಕೊಟ್ಟುಬಿಡಿ ಅಮ್ಮ. ಇದು ಈ ಮನೆ ವಸ್ತು.”

ಹಾಗಂದು ಅಂಗೈ ಚಾಚಿದ.

ಆಗ ನಾನು ಕಂಡದ್ದನ್ನು ಸಾಯುವವರೆಗೂ ಮರೆಯಲಾರೆ. ಅಮ್ಮನ ಕೈ ಚೀಲದೊಳಗೆ ಹೋಯಿತು. ಚಾಕು ಹಿಡಿದು ಹೊರಗೆ ಬಂತು. ಅವಳ ಕಣ್ಣು ಆ ಮೊಂಡುಕಾಲಿನ ಮೇಜಿನ ಮೇಲಿತ್ತು, ತುಟಿ ಬಿಗಿದಿತ್ತು, ಕೊಡುವ ಮನಸ್ಸು ಅವಳಿಗೆ ಎಳ್ಳಷ್ಟೂ ಇರಲಿಲ್ಲ. ಆದರೂ ಕೈ ತಾನಾಗಿ ಏಳುತ್ತಿತ್ತು. ಯಾವತ್ತೋ ಇದ್ದು ಈಗ ಇಲ್ಲದ ಮೆಟ್ಟಿಲ ಮುರುಕನ್ನು ದಾಟಿದ ಕಾಲಿನ ಹಾಗೆಯೇ. ಈ ಕೋಣೆ, ಆ ಮೇಜು, ಚಾಚಿದ ಅಂಗೈ, ‘ಕೊಡು’ ಅನ್ನುವ ಮಾತು. ಇಪ್ಪತ್ತೆರಡರ ಬಸುರಿಯ ಕೈ ಅರವತ್ತರ ಮುದುಕಿಯ ಮೈಯಿಂದ ಎದ್ದು ಹೊರಟಿತ್ತು.

ನಾನು ನಡುವೆ ಹೋಗಿ ಅವಳ ಮುಷ್ಟಿಯ ಮೇಲೆ ನನ್ನ ಎರಡೂ ಕೈ ಮುಚ್ಚಿದೆ. ಬೆರಳು ತಣ್ಣಗಿದ್ದವು. ಮೆಲ್ಲಗೆ ಬಿಡಿಸಿ ಚಾಕು ತೆಗೆದುಕೊಂಡೆ. ತಾಮ್ರದ ತಂತಿಯ ಎಂಟು ಸುತ್ತು ನನ್ನ ಅಂಗೈಗೆ ಒತ್ತಿತು. ಅಮ್ಮ ನನ್ನನ್ನು ನೋಡಿದಳು, ನಿದ್ದೆಯಿಂದ ಎದ್ದವಳ ಹಾಗೆ.

ಯಜಮಾನನ ಮುಖಕ್ಕೆ ನೆಮ್ಮದಿ ಬಂತು. ಇಷ್ಟು ಹೊತ್ತು ತುಟಿ ಬಿಚ್ಚದೆ ನಿಂತ ನಾನು ಹೇಳಿದ್ದು ಕೇಳುವವಳು ಅಂತ ಅವನ ಲೆಕ್ಕ. ಅಂಗೈಯನ್ನು ಅಮ್ಮನ ಕಡೆಯಿಂದ ನನ್ನ ಕಡೆಗೆ ತಿರುಗಿಸಿದ.

“ನೀವು ತಿಳಿದವರು. ವಯಸ್ಸಾದವರು ಏನೋ ಸಿಟ್ಟಲ್ಲಿ ಎತ್ಕೊಂಡ್ರು. ನೀವೇ ಕೊಟ್ಟುಬಿಡಿ, ಇಲ್ಲಿಗೆ ಮುಗಿಸೋಣ.”

ಚಾಕನ್ನು ಮುಷ್ಟಿಯಲ್ಲಿ ಬಿಗಿದೆ.

“ಕೊಡೋದಿಲ್ಲ,” ಅಂದೆ.